ಹನ್ನೊಂದನೆಯ ಸಿಗ್ನಲ್

ಸಂಪಾದಕ ಮಿತ್ರರು ಈ ಸಲ ನನ್ನನ್ನು ಕ್ಯಾಂಟೀನಿನಲ್ಲಿ ಹಿಡಿದು, "ಕವಿತೆಗಳು ರಾಶಿ ಬಿದ್ದಿವೆ. ನೀನಾದರೂ ನಾಲ್ಕು ಜನಕ್ಕೆ ತಿಳಿವಳಿಕೆ ಆಗೋ ಹಾಗೆ ಏನಾದರೂ ಬರೆದುಕೊಡು ಮಾರಾಯಾ" ಅಂದರು. ನಾನು ವಾಣಿಜ್ಯದ ವಿದ್ಯಾರ್ಥಿ. ಹತ್ತನೆಯ ಇಯತ್ತೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಡೆಬಿಟ್-ಕ್ರೆಡಿಟ್ಟುಗಳ ಕೈಗೆ ಸಿಕ್ಕವನು. ವಿಜ್ಞಾನದಲ್ಲಿ ಪಂಡಿತನಲ್ಲ. ಆದರೂ ಕಡಲಿನ ಹವಾಮಾನದ ಬಗ್ಗೆ ಬರೆಯುವ ಧೈರ್ಯ ಮಾಡಿದ್ದೇನೆ. ಕಾರಣ ಇಷ್ಟೆ: ನನ್ನ ಸೋದರಮಾವ ಗಂಗೊಳ್ಳಿಯಲ್ಲಿ ಒಂದು ಟ್ರಾಲ್ ಬೋಟಿನ ತಾಂಡೇಲ. ಅವನು ಹತ್ತು ದಿನಕ್ಕೆ ಅಂತ ಕಡಲಿಗೆ ಹೋದರೆ, ಇಲ್ಲಿ ಮುಂಬಯಿಯಲ್ಲಿ ನನ್ನ ಅಮ್ಮ ದಿನಾ ರಾತ್ರಿ ಹವಾಮಾನ ವಾರ್ತೆ ನೋಡದೆ ಮಲಗೋದಿಲ್ಲ.

ಆ ವಾರ್ತೆಯಲ್ಲಿ ಏನು ಹೇಳುತ್ತಾರೆ? "ಗಾಳಿಯ ವೇಗ ಗಂಟೆಗೆ 45ರಿಂದ 55 ಕಿಲೋಮೀಟರ್, ಕೆಲವೊಮ್ಮೆ 65ರವರೆಗೆ. ಮೀನುಗಾರರು ಕಡಲಿಗೆ ಇಳಿಯಬಾರದು." ನಾವು ಕೇಳಿ ಚಾನೆಲ್ ತಿರುಗಿಸುತ್ತೇವೆ. ಆದರೆ ಈ ಅಂಕಿಗಳ ಹಿಂದೆ ದೊಡ್ಡ ಲೆಕ್ಕಾಚಾರ ಇದೆ.

ಮೊದಲು ಗಾಳಿಯನ್ನೇ ನೋಡೋಣ. 40 ಕಿಲೋಮೀಟರ್ ವೇಗದ ಗಾಳಿ 80 ಆದರೆ ಅದರ ಹೊಡೆತ ಎರಡು ಪಟ್ಟು ಆಗುತ್ತದೆ ಅಂತ ನಾನು ತಿಳಿದಿದ್ದೆ. ತಪ್ಪು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ನಾಲ್ಕು ಪಟ್ಟು! ಅದಕ್ಕೇ ಹವಾಮಾನ ಇಲಾಖೆಯವರು ಗಾಳಿಗೆ ಮೆಟ್ಟಿಲು ಮೆಟ್ಟಿಲಾಗಿ ಹೆಸರಿಟ್ಟಿದ್ದಾರೆ. ಗಂಟೆಗೆ 31ರಿಂದ 49 ಕಿಲೋಮೀಟರ್ ಇದ್ದರೆ ಅದು ವಾಯುಭಾರ ಕುಸಿತ. 62 ಮುಟ್ಟಿದರೆ ಚಂಡಮಾರುತ. ಆವಾಗಲೇ ಅದಕ್ಕೊಂದು ನಾಮಕರಣ. 89 ದಾಟಿದರೆ ತೀವ್ರ ಚಂಡಮಾರುತ, 118 ದಾಟಿದರೆ ಅತಿ ತೀವ್ರ. 222 ಮುಟ್ಟಿದರೆ ಸೂಪರ್ ಸೈಕ್ಲೋನ್.

ಇನ್ನು ಅಲೆ. ವಾರ್ತೆಯಲ್ಲಿ "ಅಲೆಗಳ ಎತ್ತರ 3 ಮೀಟರ್" ಅಂದರೆ ಎಲ್ಲ ಅಲೆಯೂ 3 ಮೀಟರ್ ಅಂತ ಅರ್ಥ ಅಲ್ಲ. ಬರುವ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಭಾಗವನ್ನು ಮಾತ್ರ ಆರಿಸಿ, ಅವುಗಳ ಸರಾಸರಿ ತೆಗೆದು ಹೇಳುತ್ತಾರೆ. ನಮ್ಮ ಸಂಖ್ಯಾಶಾಸ್ತ್ರದ ಪ್ರೊಫೆಸರು ಹೇಳುವ ಹಾಗೆ, ಸರಾಸರಿಯನ್ನು ನಂಬಿ ಹೊಳೆ ದಾಟಬಾರದು. 3 ಮೀಟರ್ ಎಂದ ದಿನ ನಡುವೆ ಒಂದು 6 ಮೀಟರಿನ ಅಲೆಯೂ ಬರಬಹುದು. ಬೋಟು ಮಗುಚಲು ಆ ಒಂದೇ ಸಾಕು.

ಗಾಳಿಯೇ ಇಲ್ಲದ ದಿನವೂ ಕಡಲು ಏಳುವುದುಂಟು. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಉರುಳಿಕೊಂಡು ಬಂದು ನಮ್ಮ ದಡಕ್ಕೆ ಹೊಡೆಯುತ್ತವೆ. ಕೇರಳದಲ್ಲಿ ಇದಕ್ಕೆ 'ಕಳ್ಳಕಡಲು' ಅಂತ ಹೆಸರು. ಎಷ್ಟು ಸರಿಯಾದ ಹೆಸರು ನೋಡಿ! ಆಕಾಶ ತಿಳಿಯಾಗಿರುವಾಗಲೇ ಕಳ್ಳನ ಹಾಗೆ ಒಳಗೆ ನುಗ್ಗುತ್ತದೆ. ಇದನ್ನೆಲ್ಲ ಲೆಕ್ಕ ಹಾಕಿ ಅಲೆಗಳ ಮುನ್ಸೂಚನೆ ಕೊಡಲು ಹೈದರಾಬಾದಿನಲ್ಲಿ ಒಂದು ಕೇಂದ್ರ ಸಂಸ್ಥೆಯೇ ಇದೆ. ಇನ್‌ಕಾಯಿಸ್ ಅಂತ ಕರೀತಾರೆ.

ಚಂಡಮಾರುತ ಹುಟ್ಟೋದು ಹೇಗೆ? ಅದರ ಆಹಾರ ಬಿಸಿ ನೀರು. ಕಡಲ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಇರಬೇಕು. ನೀರು ಆವಿಯಾಗಿ ಮೇಲೆ ಹೋಗಿ, ಮೋಡವಾಗುವಾಗ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಆ ಶಾಖದಿಂದ ಗಾಳಿ ಇನ್ನೂ ಮೇಲೇರುತ್ತದೆ, ಕೆಳಗೆ ಒತ್ತಡ ಕಡಿಮೆಯಾಗಿ ಸುತ್ತಲಿನ ಗಾಳಿ ಸುಳಿಯಾಗಿ ನುಗ್ಗುತ್ತದೆ. ಹಾಗಾದರೆ ಮಳೆಗಾಲದಲ್ಲಿ, ಅಷ್ಟೊಂದು ಅಬ್ಬರ ಇರುವಾಗ, ದೊಡ್ಡ ಚಂಡಮಾರುತ ಯಾಕೆ ಅಪರೂಪ? ಆಗ ಕೆಳಗಿನ ಗಾಳಿ ಒಂದು ಕಡೆ, ಬಹಳ ಎತ್ತರದ ಗಾಳಿ ಇನ್ನೊಂದು ಕಡೆ ಜೋರಾಗಿ ಬೀಸುತ್ತವೆ. ಕಟ್ಟುತ್ತಿರುವ ಗೋಪುರದ ಬುಡವನ್ನು ಒಬ್ಬ, ತುದಿಯನ್ನು ಇನ್ನೊಬ್ಬ ಎಳೆದ ಹಾಗೆ. ಗೋಪುರ ನಿಲ್ಲುವುದಿಲ್ಲ. ಆದ್ದರಿಂದ ಅರಬ್ಬೀ ಸಮುದ್ರಕ್ಕೆ ಅಪಾಯದ ಕಾಲ ಎರಡು: ಮಳೆಗೆ ಮುಂಚಿನ ಮೇ-ಜೂನ್, ಮಳೆ ಮುಗಿದ ಮೇಲಿನ ಅಕ್ಟೋಬರಿನಿಂದ ಡಿಸೆಂಬರ್. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಆದರೆ ಅಕ್ಟೋಬರ್-ನವೆಂಬರ್ ಅಂದರೆ ಮೀನುಗಾರಿಕೆಯ ಒಳ್ಳೇ ಹಂಗಾಮು! ಸಮಸ್ಯೆ ಇರುವುದೇ ಅಲ್ಲಿ.

ಬಂಗಾಳ ಕೊಲ್ಲಿಗೆ ಹೋಲಿಸಿದರೆ ನಮ್ಮ ಅರಬ್ಬೀ ಸಮುದ್ರ ಸಾಧು ಅಂತ ಹಿಂದಿನವರು ಹೇಳುತ್ತಿದ್ದರು. ಈಗ ಆ ಮಾತು ಪೂರ್ತಿ ನಿಲ್ಲೋದಿಲ್ಲ. 2019ರ ಒಂದೇ ವರ್ಷದಲ್ಲಿ ಇಲ್ಲಿ ಐದು ಚಂಡಮಾರುತಗಳು ಎದ್ದವು. ಅದರಲ್ಲಿ ಕ್ಯಾರ್ ಅನ್ನೋದು ಸೂಪರ್ ಸೈಕ್ಲೋನ್ ಆಯಿತು. ನೀರು ಬಿಸಿಯಾಗುತ್ತಿರುವುದೇ ಒಂದು ಕಾರಣ ಅಂತ ವಿಜ್ಞಾನಿಗಳ ಅಭಿಪ್ರಾಯ.

ಇಷ್ಟೆಲ್ಲ ತಿಳಿದ ಮೇಲೆ ಸುದ್ದಿ ಮುಟ್ಟಿಸಬೇಕಲ್ಲ? 1864ರಲ್ಲಿ ಕಲ್ಕತ್ತವನ್ನು ಚಂಡಮಾರುತ ಹಾಳುಮಾಡಿದ ಮೇಲೆ ಅಲ್ಲಿನ ಬಂದರಿನಲ್ಲಿ ಎಚ್ಚರಿಕೆ ಕೊಡುವ ಪದ್ಧತಿ ಶುರುವಾಯಿತು. ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಬಂದರುಗಳಲ್ಲಿ ಕಂಬಕ್ಕೆ ಹಗಲು ಶಂಕು-ಪೀಪಾಯಿಗಳ ಆಕಾರ, ರಾತ್ರಿ ಕೆಂಪು-ಬಿಳಿ ದೀಪ ಏರಿಸುವ ರೂಢಿ ಬಂತು. ಸಿಗ್ನಲ್‌ಗಳು ಒಟ್ಟು ಹನ್ನೊಂದು. 1 ಮತ್ತು 2 ಅಂದರೆ ದೂರದ ಕಡಲಿನಲ್ಲಿ ಕೆಟ್ಟ ಹವೆ. 3 ಮತ್ತು 4 ಅಂದರೆ ಬಂದರಿಗೇ ಬೆದರಿಕೆ. 5ರಿಂದ 7 ಅಪಾಯ, 8ರಿಂದ 10 ಮಹಾ ಅಪಾಯ. ಹಾಗಾದರೆ 11? ಅದು ಇನ್ನೂ ದೊಡ್ಡ ಗಾಳಿ ಇರಬೇಕು ಅಂತ ನಾನು ಎಣಿಸಿದ್ದೆ. ಅಲ್ಲ. 11 ಅಂದರೆ ಹವಾಮಾನ ಕೇಂದ್ರದ ಜೊತೆ ಸಂಪರ್ಕವೇ ಕಡಿದುಹೋಗಿದೆ, ಕೆಟ್ಟ ಹವೆ ಬರುವ ಭಯ ಇದೆ ಅಂತ. ಗಾಳಿಗಿಂತ ದೊಡ್ಡ ಸಂಖ್ಯೆಯನ್ನು ಸುದ್ದಿ ಇಲ್ಲದಿರುವುದಕ್ಕೆ ಕೊಟ್ಟಿದ್ದಾರೆ!

ಇದನ್ನು ಓದಿದ ಮೇಲೆ ನನಗೆ 2017ರ ಓಖಿ ಅರ್ಥವಾಯಿತು. ಆ ವರ್ಷ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿಯ ಹತ್ತಿರ ವಾಯುಭಾರ ಕುಸಿತ ಬಹಳ ಬೇಗ ಬಲಿತು, 30ನೇ ತಾರೀಕು ಚಂಡಮಾರುತವಾಯಿತು. ಅಷ್ಟು ಹೊತ್ತಿಗೆ ಕೇರಳ, ತಮಿಳುನಾಡಿನ ಸಾವಿರಾರು ಮೀನುಗಾರರು ದೂರದ ಕಡಲಿನಲ್ಲಿದ್ದರು. ದಡದಿಂದ ಸ್ವಲ್ಪ ದೂರ ಹೋದರೆ ಮೊಬೈಲ್ ಸಾಯುತ್ತದೆ. ಬೋಟಿನ ವಾಕಿಟಾಕಿಯೂ ಬಹಳ ದೂರ ಮುಟ್ಟೋದಿಲ್ಲ. ಕೆಲವರು ಲಕ್ಷದ್ವೀಪಕ್ಕೆ, ನೂರಾರು ಜನ ನಮ್ಮ ಮಹಾರಾಷ್ಟ್ರದ ದೇವಗಡಕ್ಕೆ ಬಂದು ಸೇರಿ ಬದುಕಿದರು. ಎಷ್ಟೋ ಮಂದಿ ತಿರುಗಿ ಬರಲೇ ಇಲ್ಲ. ಅವರ ಪಾಲಿಗೆ ಕಡಲಿಡೀ ಹನ್ನೊಂದನೆಯ ಸಿಗ್ನಲ್.

ಆದರೆ ಸುದ್ದಿ ಮುಟ್ಟಿದರೆ ಸಾಕೆ? 2021ರ ಮೇ ತಿಂಗಳ ತೌಕ್ತೆ ನಮ್ಮ ಮುಂಬಯಿಯವರಿಗೆಲ್ಲ ನೆನಪಿದೆ. ಆಗ ನಾನು ಶಾಲೆಯ ಹುಡುಗ; ನಮ್ಮ ಚಾಳಿನ ಮಾಡಿನ ಎರಡು ಶೀಟು ಹಾರಿಹೋಗಿದ್ದವು. ಎಚ್ಚರಿಕೆ ಕೆಲವು ದಿನ ಮುಂಚೆಯೇ ಬಂದಿತ್ತು. ಹಾಗಿದ್ದೂ ಬಾಂಬೆ ಹೈ ತೈಲಕ್ಷೇತ್ರದಲ್ಲಿ ಪಿ-305 ಎಂಬ ಬಾರ್ಜು 261 ಜನರನ್ನು ಇಟ್ಟುಕೊಂಡು ಅಲ್ಲೇ ನಿಂತಿತ್ತು. ಲಂಗರು ಕಿತ್ತುಹೋಗಿ, ತೇಲಾಡಿ, ಮೇ 17ರಂದು ಮುಳುಗಿತು. ನೌಕಾಪಡೆಯವರು ಬಹಳ ಜನರನ್ನು ಎತ್ತಿದರು. ಆದರೂ 70ಕ್ಕೂ ಹೆಚ್ಚು ಮಂದಿ ಸತ್ತರು. ಇಲ್ಲಿ ಮುನ್ಸೂಚನೆ ತಪ್ಪಿರಲಿಲ್ಲ, ಮುಟ್ಟದೆಯೂ ಇರಲಿಲ್ಲ.

ಈಗ ಮಾವನ ಕತೆಗೆ ಬರುತ್ತೇನೆ. ಒಂದು ವರ್ಷ ಮಳೆ ಮುಗಿದ ಮೇಲೆ ಹತ್ತು ದಿನಕ್ಕಾಗುವಷ್ಟು ಡೀಸೆಲ್, ಐಸು, ಅಕ್ಕಿ ತುಂಬಿಕೊಂಡು ಹೋದವನು ಮೂರನೇ ದಿನಕ್ಕೆ ಎಚ್ಚರಿಕೆ ಕೇಳಿ ಬೋಟು ತಿರುಗಿಸಿದ. ಚಂಡಮಾರುತ ಪಡುವಣಕ್ಕೆ ಸರಿದು ಹೋಯಿತು. ಗಂಗೊಳ್ಳಿಯಲ್ಲಿ ಎಲೆ ಅಲ್ಲಾಡಲಿಲ್ಲ. ಐಸು ಕರಗಿ ನೀರಾಯಿತು, ಜನರಿಗೆ ಪಾಲು ಸಿಗಲಿಲ್ಲ, ಬೋಟಿನ ಮಾಲಿಕರು ನಾಲ್ಕು ಜನರ ಎದುರು ಬೈದರು. ಮುನ್ಸೂಚನೆ ಸುಳ್ಳಾಯಿತೆ? ಇಲ್ಲ. ಚಂಡಮಾರುತದ ದಾರಿ ಅಂದರೆ ಒಂದು ಗೆರೆ ಅಲ್ಲ. ದಿನ ದೂರವಾದಷ್ಟೂ ಅಗಲವಾಗುವ ಪಟ್ಟೆ. ಆ ಪಟ್ಟೆಯೊಳಗೆ ಎಲ್ಲಿ ಬೇಕಾದರೂ ಹೋಗಬಹುದು. ಆದರೆ ಇದನ್ನು ಡೀಸೆಲ್ ಬಿಲ್ಲಿಗೆ ವಿವರಿಸೋದು ಹೇಗೆ? ನಾನು ರಜೆಯಲ್ಲಿ ಊರಿಗೆ ಹೋಗಿದ್ದಾಗ ಮಾವ ಹೇಳಿದ: "ಗಾಳಿ ಬತ್ತ್ ಅಂತ ಹೇಳ್ತ್ರ್ ಮಾರಾಯ. ಡೀಸಿಲ್ ಯಾರ್ ಕೊಡ್ತ್ರ್?"

ಮರುವರ್ಷ ಎಚ್ಚರಿಕೆ ಬಂದಾಗ ಅವನು ಅರ್ಧ ದಿನ ತಡಮಾಡಿದ. ಇನ್ನೊಂದು ಬಲೆ ಎಳೆದು ಹೊರಡೋಣ ಅಂತ. ಆ ಸಲ ಗಾಳಿ ನಿಜವಾಗಿಯೂ ಬಂತು. ಬಲೆ ಕಡಿದು ಕಡಲಿಗೆ ಬಿಟ್ಟು, ಕ್ಯಾಬಿನ್ನಿನ ಗಾಜು ಒಡೆದುಕೊಂಡು, ಹೇಗೋ ಬಂದರು ಸೇರಿದರು. ಎಲ್ಲರೂ ಬದುಕಿದರು, ದೇವರು ದೊಡ್ಡವನು. ಆದರೆ ಆ ಅರ್ಧ ದಿನ ಮೂರ್ಖತನ ಅಂತ ನಾನು ಹೇಳಲಾರೆ. ಹಿಂದಿನ ವರ್ಷದ ನಷ್ಟವನ್ನು ಅವನು ಅಲ್ಲಿ ಸರಿದೂಗಿಸಲು ಹೊರಟಿದ್ದ.

ಲೆಕ್ಕಪತ್ರ ಓದುವ ನನಗೆ ಅನಿಸುವುದು ಇಷ್ಟು. ಮುನ್ಸೂಚನೆ ಎಷ್ಟೇ ಸುಧಾರಿಸಿದರೂ ಅದನ್ನು ಪಾಲಿಸುವುದಕ್ಕೆ ಒಂದು ಖರ್ಚು ಇದೆ. ಆ ಖರ್ಚು ಈಗ ಪೂರ್ತಿ ತಾಂಡೇಲನ ತಲೆ ಮೇಲೆ ಬೀಳುತ್ತಿದೆ. ಬೋಟು ಮುಳುಗಿದರೆ ವಿಮೆ ಉಂಟು. ಮುಳುಗದಿರಲಿ ಅಂತ ವಾಪಸು ಬಂದರೆ? ಅಧಿಕೃತ ಎಚ್ಚರಿಕೆಯ ಮೇಲೆ ತಿರುಗಿ ಬಂದ ಬೋಟಿಗೆ ಡೀಸೆಲ್ಲು, ಐಸಿನ ಖರ್ಚು ತುಂಬಿಕೊಡುವ ಒಂದು ನಿಧಿ ಪ್ರತಿ ಬಂದರಿನಲ್ಲೂ ಇದ್ದರೆ, ಅರ್ಧ ದಿನ ಯಾರು ಕಾಯುತ್ತಾರೆ? ಉಪಗ್ರಹದ ಮೂಲಕ ದೂರದ ಬೋಟಿಗೂ ಎಚ್ಚರಿಕೆ ಕಳಿಸುವ 'ಜೆಮಿನಿ' ಎಂಬ ಸಣ್ಣ ಉಪಕರಣ 2019ರಲ್ಲೇ ಬಂದಿದೆ. ಸುದ್ದಿ ಮುಟ್ಟಿಸುವ ದಾರಿ ಸಿಕ್ಕಿದೆ. ಈ ಎರಡನೆಯ ದಾರಿಯನ್ನು ಕಂಡುಹಿಡಿಯಬೇಕಾದವರು ವಿಜ್ಞಾನಿಗಳಲ್ಲ, ನಮ್ಮಂಥ ವಾಣಿಜ್ಯದವರು.

ಲೇಖನ ಮುಗಿಸುವ ಮುಂಚೆ ಒಂದು ಸಂಗತಿ ಕೇಳೋಣ ಅಂತ ನಿನ್ನೆ ಮಾವನಿಗೆ ಫೋನು ಮಾಡಿದೆ. ವ್ಯಾಪ್ತಿಯ ಹೊರಗಿದ್ದಾರೆ ಅಂತ ಬಂತು. ಅಮ್ಮ ಒಳಗಿನಿಂದ, "ಗಾಳಿ ಎಷ್ಟು ಹೇಳಿದ್ದಾರೆ ನೋಡು" ಅಂದಳು. ನೋಡಿದೆ. ಇವತ್ತಿಗೆ ಎಚ್ಚರಿಕೆ ಏನೂ ಇರಲಿಲ್ಲ.