ಕೌನ್ಸೆಲರ್ ಬಳಿ ಮೊದಲ ಸಲ ಹೋಗುವಾಗ

ಎದೆ ಡವಡವ ಎನ್ನುತ್ತದೆ, ಹೊಟ್ಟೆಯಲ್ಲಿ ಉರಿ, ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಇಂತಹ ತೊಂದರೆ ಹೇಳಿಕೊಂಡು ನನ್ನ ದವಾಖಾನೆಗೆ ಬರುವವರಲ್ಲಿ ಮಹಿಳೆಯರೇ ಹೆಚ್ಚು. ನಾಡಿ ನೋಡುತ್ತೇನೆ, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸುತ್ತೇನೆ. ಎಲ್ಲವೂ ಸರಿಯಿದ್ದು, ಮಾತಿನ ನಡುವೆ ಕಣ್ಣು ತುಂಬಿ ಬಂದರೆ ಖಮೀರಾ ಒಂದೇ ಸಾಲದು ಎಂದು ಗೊತ್ತಾಗುತ್ತದೆ. ಕೌನ್ಸೆಲರ್ ಬಳಿ ಹೋಗಿ ಎನ್ನುತ್ತೇನೆ. ಹೋದವರಲ್ಲೂ ಕೆಲವರು ಒಂದೇ ಸಲಕ್ಕೆ ನಿಲ್ಲಿಸುತ್ತಾರೆ. "ಮದ್ದೇ ಕೊಡಲಿಲ್ಲ ಡಾಕ್ಟ್ರೇ, ಬರೀ ಪ್ರಶ್ನೆ ಕೇಳಿದರು" ಎಂಬುದು ಅವರ ದೂರು.

ಮೊದಲ ಭೇಟಿಯೆಂದರೆ ಹೆಚ್ಚಾಗಿ ಪ್ರಶ್ನೆಗಳೇ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು. ಯಾವಾಗಿನಿಂದ ಹೀಗೆ, ನಿದ್ದೆ ಹೇಗೆ, ಮನೆಯಲ್ಲಿ ಯಾರಿದ್ದಾರೆ, ಹಿಂದೆ ಯಾವ ಕಾಯಿಲೆ ಇತ್ತು ಎಂದೆಲ್ಲ ಕೇಳುತ್ತಾರೆ. ಸಾಯುವ ಯೋಚನೆ ಬಂದಿದೆಯೇ ಎಂದೂ ನೇರವಾಗಿ ಕೇಳಬಹುದು. ಬೆಚ್ಚಬೇಡಿ, ಕೇಳಿದ ಮಾತ್ರಕ್ಕೆ ಆ ಯೋಚನೆ ಯಾರ ತಲೆಗೂ ಬರುವುದಿಲ್ಲ. ಇದ್ದರೆ ಮುಚ್ಚಿಡದೆ ಹೇಳಿ. ಕೌನ್ಸೆಲರ್ ಔಷಧಿ ಬರೆಯುವುದಿಲ್ಲ. ಔಷಧಿ ಬೇಕೆನಿಸಿದರೆ ಮನೋವೈದ್ಯರ ಬಳಿ ಕಳಿಸುತ್ತಾರೆ. ನೀವು ತೆಗೆದುಕೊಳ್ಳುತ್ತಿರುವ ಯುನಾನಿ ಮದ್ದಿನ ಹೆಸರನ್ನೂ ಅವರಿಗೆ ತಿಳಿಸಿ.

ನಮ್ಮ ಸಹೋದರಿಯರನ್ನು ತಡೆಯುವ ದೊಡ್ಡ ಅಳುಕು ಬೇರೆಯೇ ಇದೆ. "ಅತ್ತೆಯ ಬಗ್ಗೆ, ಗಂಡನ ಬಗ್ಗೆ ಹೊರಗಿನವರ ಮುಂದೆ ಹೇಳಿದರೆ ಗೀಬತ್ ಆಗುವುದಿಲ್ಲವೇ?" ಕೇಳಬೇಕಾದ ಪ್ರಶ್ನೆಯೇ. ಹಿಂದ್ ಬಿಂತ್ ಉತ್ಬಾ(ರ) ಪ್ರವಾದಿಯವರ(ಸ) ಬಳಿ ಬಂದು, ಪತಿ ಅಬೂ ಸುಫ್ಯಾನ್(ರ) ಮನೆಖರ್ಚಿಗೆ ಸಾಕಾಗುವಷ್ಟು ಕೊಡುತ್ತಿಲ್ಲ ಎಂದು ದೂರಿಕೊಂಡರು. ಪ್ರವಾದಿಯವರು(ಸ) ಅವರ ಬಾಯಿ ಮುಚ್ಚಿಸಲಿಲ್ಲ, ಪರಿಹಾರ ಹೇಳಿದರು. ಪರಿಹಾರ ಕೇಳಲು ಇನ್ನೊಬ್ಬರ ವಿಷಯ ಹೇಳುವುದು ಗೀಬತ್ ಅಲ್ಲ ಎಂದು ಇಮಾಮ್ ನವವಿಯವರಂತಹ ವಿದ್ವಾಂಸರು ಇದೇ ಹದೀಸಿನ ಆಧಾರದಲ್ಲಿ ವಿವರಿಸಿದ್ದಾರೆ. ಅಗತ್ಯವಿರುವಷ್ಟು ಹೇಳಿ, ಚಾಡಿಯ ಚಪಲಕ್ಕೆ ಬೇಡ.

ಹೇಳಿದ್ದು ಅಲ್ಲಿಯೇ ಉಳಿಯುತ್ತದೆಯೇ? ಗುಟ್ಟು ಕಾಯುವುದು ಕೌನ್ಸೆಲರ್‌ನ ವೃತ್ತಿಧರ್ಮ. ಜೀವಕ್ಕೆ ಅಪಾಯವಿದ್ದರೆ ಅಥವಾ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಮಾತ್ರ ಅವರು ಸುಮ್ಮನಿರುವಂತಿಲ್ಲ. ಇದನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಅವರ ಓದು, ಅನುಭವ ಕೇಳುವುದೂ ತಪ್ಪಲ್ಲ. ಮಹಿಳಾ ಕೌನ್ಸೆಲರ್ ಬೇಕೆಂದರೆ ಸಂಕೋಚವಿಲ್ಲದೆ ಹೇಳಿ. ಮನೆಯವರಿಗೂ ಒಂದು ಮಾತು: ಹಿಂದಿರುಗಿದವಳನ್ನು ಬಾಗಿಲಲ್ಲೇ ನಿಲ್ಲಿಸಿ "ನಮ್ಮ ಬಗ್ಗೆ ಏನು ಹೇಳಿದೆ?" ಎಂದು ವಿಚಾರಣೆ ಮಾಡಬೇಡಿ. ಹಾಗೆ ಮಾಡಿದರೆ ಮುಂದಿನ ವಾರ ಅಲ್ಲಿ ಅವಳ ಬಾಯಿ ತೆರೆಯುವುದಿಲ್ಲ.

ಎರಡು ಮೂರು ಭೇಟಿಯ ನಂತರ ಕೆಲವರಿಗೆ ಮನಸ್ಸು ಇನ್ನಷ್ಟು ಭಾರವಾಗುತ್ತದೆ, ಅಳು ಬರುತ್ತದೆ. ವರ್ಷಗಟ್ಟಲೆ ಅದುಮಿಟ್ಟಿದ್ದು ಹೊರಬರುವಾಗ ಹೀಗಾಗುವುದುಂಟು. ಬಿಟ್ಟುಬಿಡುವ ಬದಲು ಅದನ್ನೇ ಕೌನ್ಸೆಲರ್‌ಗೆ ಹೇಳಿ. ಗಾಬರಿ ಯಾವಾಗ ಬಂತು, ಆಗ ಮನಸ್ಸಿನಲ್ಲಿ ಏನಿತ್ತು ಎಂದು ಬರೆದಿಡುವಂತಹ ಮನೆಕೆಲಸವನ್ನೂ ಕೊಡಬಹುದು. ಮಾಡಿದವರು ಬೇಗ ಸುಧಾರಿಸುವುದನ್ನು ನಾನು ಕಂಡಿದ್ದೇನೆ. ನಾಲ್ಕೈದು ಭೇಟಿಯಾದರೂ ಅವರೊಂದಿಗೆ ಹೊಂದಿಕೆಯಾಗದಿದ್ದರೆ ಬೇರೆಯವರನ್ನು ನೋಡಬಹುದು.

ಈಮಾನ್ ಗಟ್ಟಿಯಿದ್ದರೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಸಕ್ಕರೆ ಕಾಯಿಲೆಗೆ ಅವರೇ ಮಾತ್ರೆ ನುಂಗುತ್ತಾರೆ! ಸಾವಿರ ವರ್ಷಕ್ಕೂ ಹಿಂದೆ ಅಬೂ ಝೈದ್ ಅಲ್ ಬಲ್ಖಿ ತಮ್ಮ 'ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್' ಗ್ರಂಥದ ಒಂದು ಭಾಗವನ್ನು ದೇಹಕ್ಕೂ ಇನ್ನೊಂದನ್ನು ಮನಸ್ಸಿಗೂ ಮೀಸಲಿಟ್ಟರು. ದುಃಖದಲ್ಲಿರುವವನಿಗೆ ತನ್ನದೇ ವಿವೇಕದ ಜೊತೆಗೆ ಇನ್ನೊಬ್ಬರ ಬುದ್ಧಿಮಾತೂ ಬೇಕೆಂಬುದು ಅವರ ಸಲಹೆ. ನಮಾಝ್, ದುಆ ಬಿಡಬೇಕೆಂದು ಯಾರೂ ಹೇಳುತ್ತಿಲ್ಲ.

ಎಲ್ಲಿಂದ ಆರಂಭಿಸುವುದೆಂದು ತಿಳಿಯದವರು ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಬಹುದು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ; ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು.