ಕಿನೆಕ್ಟ್

ಕಿನೆಕ್ಟ್ ಎಂಬುದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಎಕ್ಸ್‌ಬಾಕ್ಸ್ 360 ವಿಡಿಯೋ ಗೇಮ್ ಕನ್ಸೋಲ್‌ಗಾಗಿ 2010ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ಚಲನ-ಸಂವೇದಿ ಸಾಧನ. ಆಟಗಾರರು ಕೈಯಲ್ಲಿ ಯಾವ ನಿಯಂತ್ರಕವನ್ನೂ ಹಿಡಿಯದೆ, ಕೈಕಾಲುಗಳ ಚಲನೆ, ದೇಹದ ಭಂಗಿ ಹಾಗೂ ಧ್ವನಿಯ ಮೂಲಕವೇ ಆಟವನ್ನು ನಡೆಸಲು ಇದು ಅವಕಾಶ ಕಲ್ಪಿಸಿತು. ಮೊದಲ 60 ದಿನಗಳಲ್ಲಿ 80 ಲಕ್ಷ ಸಾಧನಗಳು ಮಾರಾಟವಾಗಿ, ಅತ್ಯಂತ ವೇಗವಾಗಿ ಮಾರಾಟವಾದ ಗ್ರಾಹಕ ಎಲೆಕ್ಟ್ರಾನಿಕ್ ಸಾಧನವೆಂದು ಗಿನ್ನೆಸ್ ದಾಖಲೆಗೆ ಸೇರಿತು. ಆದರೆ ಏಳು ವರ್ಷಗಳೊಳಗೆ ಇದರ ಉತ್ಪಾದನೆಯೇ ನಿಂತಿತು. ಆಟದ ಸಾಧನವಾಗಿ ಹಿನ್ನಡೆ ಕಂಡರೂ ಇದರ ತಂತ್ರಜ್ಞಾನವು ರೋಬಾಟಿಕ್ಸ್, ವೈದ್ಯಕೀಯ ಮತ್ತು ಗಣಕ ದೃಷ್ಟಿ ಕ್ಷೇತ್ರಗಳ ಮೇಲೆ ಗಾಢ ಪ್ರಭಾವ ಬೀರಿದೆ.

ಹಿನ್ನೆಲೆ

ದೇಹದ ಚಲನೆಯಿಂದ ಆಟವಾಡುವ ಕಲ್ಪನೆ ಕಿನೆಕ್ಟ್‌ನಿಂದ ಆರಂಭವಾದದ್ದಲ್ಲ. ಸೋನಿ ಸಂಸ್ಥೆಯು 2003ರಲ್ಲಿ ಪ್ಲೇಸ್ಟೇಷನ್ 2 ಕನ್ಸೋಲ್‌ಗಾಗಿ ಐಟಾಯ್ ಎಂಬ ಕ್ಯಾಮೆರಾವನ್ನು ಹೊರತಂದಿತ್ತು. ಅದು ಸಾಧಾರಣ ಕ್ಯಾಮೆರಾ ಆಗಿದ್ದುದರಿಂದ ಚಿತ್ರದಲ್ಲಿನ ಬದಲಾವಣೆಯನ್ನು ಗುರುತಿಸುತ್ತಿತ್ತೇ ಹೊರತು ದೂರವನ್ನು ನೇರವಾಗಿ ಅಳೆಯುತ್ತಿರಲಿಲ್ಲ. 2006ರಲ್ಲಿ ಬಂದ ನಿಂಟೆಂಡೊ ಸಂಸ್ಥೆಯ ವೀ ಕನ್ಸೋಲ್ ಚಲನ ನಿಯಂತ್ರಣವನ್ನು ಮನೆಮನೆಗೆ ಪರಿಚಯಿಸಿತು. ಆದರೆ ಅದರಲ್ಲಿ ರಿಮೋಟ್ ಮಾದರಿಯ ನಿಯಂತ್ರಕವನ್ನು ಕೈಯಲ್ಲಿ ಹಿಡಿಯಲೇಬೇಕಿತ್ತು.

ಮೈಕ್ರೋಸಾಫ್ಟ್ ತನ್ನ ಯೋಜನೆಯನ್ನು 2009ರ ಜೂನ್ 1ರಂದು ಇ3 ಪ್ರದರ್ಶನದಲ್ಲಿ 'ಪ್ರಾಜೆಕ್ಟ್ ನಟಾಲ್' ಎಂಬ ಹೆಸರಿನಲ್ಲಿ ಪ್ರಕಟಿಸಿತು. ನಟಾಲ್ ಬ್ರೆಜಿಲ್ ದೇಶದ ಒಂದು ನಗರ. ಯೋಜನೆಯ ರೂವಾರಿಗಳಲ್ಲೊಬ್ಬರಾದ ಅಲೆಕ್ಸ್ ಕಿಪ್ಮನ್ ಬ್ರೆಜಿಲ್ ಮೂಲದವರು. 2010ರ ಜೂನ್‌ನಲ್ಲಿ ಕಿನೆಕ್ಟ್ ಎಂಬ ಹೆಸರು ಘೋಷಣೆಯಾಯಿತು. ಉತ್ತರ ಅಮೆರಿಕದಲ್ಲಿ ಸಾಧನವು ನವೆಂಬರ್ 4ರಂದು ಮಾರಾಟಕ್ಕೆ ಬಂದಿತು. ಅಮೆರಿಕದಲ್ಲಿ ಅದರ ಆರಂಭಿಕ ಬೆಲೆ 149.99 ಡಾಲರ್ ಆಗಿತ್ತು.

ಕಾರ್ಯವಿಧಾನ

ಮೊದಲ ತಲೆಮಾರಿನ ಕಿನೆಕ್ಟ್‌ನಲ್ಲಿ ಒಂದು ಅವಕೆಂಪು ಪ್ರಕ್ಷೇಪಕ, ಒಂದು ಅವಕೆಂಪು ಕ್ಯಾಮೆರಾ, ಒಂದು ಬಣ್ಣದ ಕ್ಯಾಮೆರಾ ಮತ್ತು ನಾಲ್ಕು ಮೈಕ್ರೋಫೋನ್‌ಗಳಿದ್ದವು. ಸಾಧನವನ್ನು ಮೇಲಕ್ಕೂ ಕೆಳಕ್ಕೂ ಬಾಗಿಸಲು ತಳದಲ್ಲಿ ಮೋಟಾರ್ ಇತ್ತು. ದೂರವನ್ನು ಅಳೆಯುವ ತಂತ್ರಜ್ಞಾನವು ಇಸ್ರೇಲಿನ ಪ್ರೈಮ್‌ಸೆನ್ಸ್ ಸಂಸ್ಥೆಯದಾಗಿತ್ತು.

ಪ್ರಕ್ಷೇಪಕವು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಸಾವಿರಾರು ಚುಕ್ಕೆಗಳನ್ನು ಕೋಣೆಯ ತುಂಬ ಹರಡುತ್ತದೆ. ಚುಕ್ಕೆಗಳ ವಿನ್ಯಾಸವು ಸಾಧನಕ್ಕೆ ಮೊದಲೇ ತಿಳಿದಿರುತ್ತದೆ. ಪ್ರಕ್ಷೇಪಕದಿಂದ ಸ್ವಲ್ಪ ಪಕ್ಕದಲ್ಲಿರುವ ಕ್ಯಾಮೆರಾವು ಈ ಚುಕ್ಕೆಗಳನ್ನು ಬೇರೆ ಕೋನದಿಂದ ನೋಡುವುದರಿಂದ, ವಸ್ತುವಿನ ದೂರಕ್ಕೆ ತಕ್ಕಂತೆ ಚುಕ್ಕೆಗಳು ಪಕ್ಕಕ್ಕೆ ಸರಿದಂತೆ ಕಾಣುತ್ತವೆ. ಮುಖದ ಮುಂದೆ ಬೆರಳನ್ನು ಹಿಡಿದು ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿದಾಗ ಬೆರಳು ಸ್ಥಳ ಬದಲಿಸಿದಂತೆ ಕಾಣುವುದೂ, ಬೆರಳು ಹತ್ತಿರವಿದ್ದಷ್ಟೂ ಹೆಚ್ಚು ಸರಿದಂತೆ ಕಾಣುವುದೂ ಇದೇ ತತ್ತ್ವದಿಂದ. ಚುಕ್ಕೆಗಳ ಸ್ಥಾನಪಲ್ಲಟವನ್ನು ಲೆಕ್ಕ ಹಾಕಿ ಸಾಧನವು ಸೆಕೆಂಡಿಗೆ 30 ಬಾರಿ ಕೋಣೆಯ ಆಳದ ಚಿತ್ರವನ್ನು ರಚಿಸುತ್ತದೆ.

ಆಳದ ಚಿತ್ರದಲ್ಲಿ ಮನುಷ್ಯ ದೇಹವನ್ನು ಗುರುತಿಸುವುದು ಮುಂದಿನ ಹಂತ. ಇದರ ವಿಧಾನವನ್ನು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದ ಜೇಮಿ ಶಾಟನ್ ಮತ್ತು ಸಂಗಡಿಗರು 2011ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಚಿತ್ರದ ಪ್ರತಿಯೊಂದು ಬಿಂದುವೂ ದೇಹದ 31 ಭಾಗಗಳಲ್ಲಿ ಯಾವುದಕ್ಕೆ ಸೇರಿದೆ ಎಂಬುದನ್ನು 'ನಿರ್ಣಯ ವೃಕ್ಷ'ಗಳ ಸಮೂಹವೊಂದು ತೀರ್ಮಾನಿಸುತ್ತದೆ. ಪ್ರತಿ ವೃಕ್ಷವೂ ಆ ಬಿಂದುವಿನ ಸುತ್ತಲಿನ ದೂರಗಳ ವ್ಯತ್ಯಾಸದ ಬಗ್ಗೆ ಸರಳ ಪ್ರಶ್ನೆಗಳನ್ನು ಒಂದಾದ ಮೇಲೊಂದರಂತೆ ಕೇಳುತ್ತದೆ. ಎತ್ತರ, ಮೈಕಟ್ಟು ಮತ್ತು ಭಂಗಿಗಳಲ್ಲಿ ಭಿನ್ನವಾಗಿರುವ ಕೃತಕ ಚಿತ್ರಗಳನ್ನು ಗಣಕದಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಈ ವೃಕ್ಷಗಳಿಗೆ ತರಬೇತಿ ನೀಡಲಾಗಿತ್ತು. ಹೀಗೆ ಗುರುತಿಸಿದ ಭಾಗಗಳಿಂದ ಭುಜ, ಮೊಣಕೈ, ಮೊಣಕಾಲು ಮುಂತಾದ 20 ಸಂಧಿಗಳ ಸ್ಥಾನವನ್ನು ನಿರ್ಧರಿಸಲಾಗುತ್ತಿತ್ತು. ಪ್ರತಿ ಚಿತ್ರವನ್ನೂ ಸ್ವತಂತ್ರವಾಗಿ ಪರಿಶೀಲಿಸುವುದರಿಂದ ಒಂದು ಚಿತ್ರದಲ್ಲಿ ಆದ ತಪ್ಪು ಮುಂದಿನದಕ್ಕೆ ಹರಡುವುದಿಲ್ಲ.

ಆಟಗಳು ಮತ್ತು ಮಿತಿಗಳು

ಕಿನೆಕ್ಟ್ ಅಡ್ವೆಂಚರ್ಸ್, ಕಿನೆಕ್ಟ್ ಸ್ಪೋರ್ಟ್ಸ್, ಡ್ಯಾನ್ಸ್ ಸೆಂಟ್ರಲ್ ಹಾಗೂ ಕಿನೆಕ್ಟಿಮಲ್ಸ್ ಆರಂಭದ ಪ್ರಮುಖ ಆಟಗಳು. ನೃತ್ಯ, ವ್ಯಾಯಾಮ ಹಾಗೂ ಮಕ್ಕಳ ಆಟಗಳಿಗೆ ಈ ಸಾಧನ ಚೆನ್ನಾಗಿ ಒಗ್ಗಿತು. ಆದರೆ ಕ್ಷಣಾರ್ಧದ ಪ್ರತಿಕ್ರಿಯೆಯನ್ನು ಬೇಡುವ ಆಟಗಳಲ್ಲಿ, ಚಲನೆಗೂ ಪರದೆಯ ಮೇಲಿನ ಪರಿಣಾಮಕ್ಕೂ ನಡುವೆ ಉಂಟಾಗುತ್ತಿದ್ದ ವಿಳಂಬ ತೊಡಕಾಯಿತು. ಗುಂಡಿಗಳಿಲ್ಲದೆ ಆಟದ ಪಾತ್ರವನ್ನು ವಿಶಾಲ ಪ್ರದೇಶದಲ್ಲಿ ನಡೆಸುವುದೂ ಕಷ್ಟವಾಗಿತ್ತು.

ಇನ್ನೊಂದು ಮಿತಿ ಸ್ಥಳದ್ದು. ಒಬ್ಬರು ಆಡಲು ಸಾಧನದಿಂದ ಸುಮಾರು 6 ಅಡಿ, ಇಬ್ಬರು ಆಡಲು ಸುಮಾರು 8 ಅಡಿ ದೂರ ನಿಲ್ಲಬೇಕೆಂದು ಸಂಸ್ಥೆಯೇ ಸೂಚಿಸಿತ್ತು. ಚಿಕ್ಕ ಮನೆಗಳಲ್ಲಿ ಪೀಠೋಪಕರಣಗಳನ್ನು ಸರಿಸದೆ ಇದು ಸಾಧ್ಯವಿರಲಿಲ್ಲ. ಬಿಸಿಲಿನಲ್ಲಿರುವ ಅವಕೆಂಪು ಬೆಳಕು ಚುಕ್ಕೆಗಳನ್ನು ಮಸುಕಾಗಿಸುವುದರಿಂದ ನೇರ ಬಿಸಿಲು ಬೀಳುವ ಜಾಗದಲ್ಲಿ ಸಾಧನ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. 'ದೇಹವೇ ನಿಯಂತ್ರಕ' ಎಂಬ ಕಲ್ಪನೆಯು, ನಿಂತು ಎರಡೂ ಕೈಗಳನ್ನು ಆಡಿಸಬಲ್ಲ ದೇಹವನ್ನೇ ಬಹುಮಟ್ಟಿಗೆ ಆಧಾರವಾಗಿ ಇಟ್ಟುಕೊಂಡಿತ್ತು. ಗಾಲಿಕುರ್ಚಿ ಬಳಸುವವರಿಗೆ ಅನೇಕ ಆಟಗಳು ಎಟುಕುತ್ತಿರಲಿಲ್ಲ. ಕುಳಿತವರ ಮೇಲ್ಭಾಗದ 10 ಸಂಧಿಗಳನ್ನು ಮಾತ್ರ ಗುರುತಿಸುವ ಸೌಲಭ್ಯವು 2012ರಲ್ಲಿ ವಿಂಡೋಸ್ ಆವೃತ್ತಿಯ ತಂತ್ರಾಂಶದಲ್ಲಿ ಸೇರ್ಪಡೆಯಾಯಿತು.

ಆಟದಾಚೆಯ ಬಳಕೆ

ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅಮೆರಿಕದ ಎಡಾಫ್ರೂಟ್ ಸಂಸ್ಥೆಯು, ಕಿನೆಕ್ಟ್‌ಗೆ ಮುಕ್ತ ಆಕರ ಚಾಲಕ ತಂತ್ರಾಂಶ ಬರೆದವರಿಗೆ ಬಹುಮಾನ ಘೋಷಿಸಿತು. ಮೈಕ್ರೋಸಾಫ್ಟ್ ಮೊದಲು ಆಕ್ಷೇಪಿಸಿದಾಗ ಬಹುಮಾನದ ಮೊತ್ತ ಏರಿತು. ಸ್ಪೇನ್ ದೇಶದ ಹೆಕ್ಟರ್ ಮಾರ್ಟಿನ್ ನವೆಂಬರ್ 10ರಂದು 3,000 ಡಾಲರ್ ಬಹುಮಾನವನ್ನು ಗೆದ್ದರು. ಮೈಕ್ರೋಸಾಫ್ಟ್ ಬಳಿಕ ನಿಲುವು ಬದಲಿಸಿ, 2011ರ ಜೂನ್‌ನಲ್ಲಿ ತಾನೇ ಅಭಿವೃದ್ಧಿ ತಂತ್ರಾಂಶದ ಪರೀಕ್ಷಾ ಆವೃತ್ತಿಯನ್ನು ಒದಗಿಸಿತು. ಸಾಮಾನ್ಯ ಪ್ರಯೋಗಾಲಯಗಳ ಕೈಗೆಟುಕದ ಬೆಲೆಯಲ್ಲಿದ್ದ ಆಳ-ಸಂವೇದನೆಯು ಹೀಗೆ ವಿದ್ಯಾರ್ಥಿಗಳಿಗೂ ದೊರಕಿತು. ರೋಬಾಟ್‌ಗಳ ದೃಷ್ಟಿಗೆ, ವಸ್ತುಗಳ ಮೂರು ಆಯಾಮದ ಪ್ರತಿರೂಪ ರಚನೆಗೆ, ಪುನಶ್ಚೇತನ ಚಿಕಿತ್ಸೆಯಲ್ಲಿ ರೋಗಿಗಳ ಚಲನೆಯನ್ನು ಅಳೆಯಲು, ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಏನನ್ನೂ ಮುಟ್ಟದೆ ಸ್ಕ್ಯಾನ್ ಚಿತ್ರಗಳನ್ನು ನೋಡಲು ಇದನ್ನು ಬಳಸಲಾಯಿತು.

ಖಾಸಗಿತನದ ಪ್ರಶ್ನೆ

ಎರಡನೆಯ ತಲೆಮಾರಿನ ಕಿನೆಕ್ಟ್ 2013ರ ನವೆಂಬರ್ 22ರಂದು ಎಕ್ಸ್‌ಬಾಕ್ಸ್ ಒನ್ ಕನ್ಸೋಲ್‌ನ ಜೊತೆಗೇ ಬಂದಿತು. ಇದು ಚುಕ್ಕೆಗಳ ಬದಲು, ಬೆಳಕು ಹೋಗಿ ಮರಳುವ ಕಾಲದ ಆಧಾರದಿಂದ ದೂರವನ್ನು ಅಳೆಯುತ್ತಿತ್ತು ಮತ್ತು 25 ಸಂಧಿಗಳನ್ನು ಗುರುತಿಸುತ್ತಿತ್ತು. ಕನ್ಸೋಲ್ ಕೆಲಸ ಮಾಡಲು ಕಿನೆಕ್ಟ್ ಸದಾ ಜೋಡಣೆಯಾಗಿರಲೇಬೇಕೆಂದು ಮೈಕ್ರೋಸಾಫ್ಟ್ ಆರಂಭದಲ್ಲಿ ತಿಳಿಸಿತ್ತು. ಧ್ವನಿ ಆದೇಶಕ್ಕೆ ಎಚ್ಚರಗೊಳ್ಳಲು ಮೈಕ್ರೋಫೋನ್ ಸದಾ ಆಲಿಸುತ್ತಿರಬೇಕಿತ್ತು. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕ ಸರ್ಕಾರದ ವ್ಯಾಪಕ ಕಣ್ಗಾವಲಿನ ಸುದ್ದಿ ಬಹಿರಂಗವಾದಾಗ, ಮನೆಯ ನಡುಮನೆಯಲ್ಲಿ ನೋಡುವ ಮತ್ತು ಆಲಿಸುವ ಸಾಧನವನ್ನು ಕಡ್ಡಾಯವಾಗಿ ಇರಿಸಿಕೊಳ್ಳುವುದು ಎಷ್ಟು ಸರಿ ಎಂಬ ಪ್ರಶ್ನೆ ತೀವ್ರವಾಯಿತು. ಆಗಸ್ಟ್‌ನಲ್ಲಿ ಸಂಸ್ಥೆಯು ಈ ಕಡ್ಡಾಯವನ್ನು ಕೈಬಿಟ್ಟಿತು.

ಅವಸಾನ ಮತ್ತು ಪರಂಪರೆ

ಕಿನೆಕ್ಟ್ ಸಹಿತ ಎಕ್ಸ್‌ಬಾಕ್ಸ್ ಒನ್‌ನ ಬೆಲೆ 499 ಡಾಲರ್ ಆಗಿದ್ದರೆ, ಪ್ರತಿಸ್ಪರ್ಧಿ ಪ್ಲೇಸ್ಟೇಷನ್ 4ರ ಬೆಲೆ 399 ಡಾಲರ್ ಆಗಿತ್ತು. 2014ರ ಜೂನ್‌ನಿಂದ ಮೈಕ್ರೋಸಾಫ್ಟ್ ಕಿನೆಕ್ಟ್ ಇಲ್ಲದ ಕನ್ಸೋಲನ್ನು 399 ಡಾಲರಿಗೆ ಮಾರತೊಡಗಿತು. ಪ್ರತಿ ಮನೆಯಲ್ಲೂ ಕಿನೆಕ್ಟ್ ಇರುವುದೆಂಬ ಭರವಸೆ ಇಲ್ಲವಾದಾಗ ಅದಕ್ಕಾಗಿ ಆಟ ರಚಿಸುವವರೂ ಕಡಿಮೆಯಾದರು. ಉತ್ಪಾದನೆ ನಿಂತಿರುವುದನ್ನು ಸಂಸ್ಥೆಯು 2017ರ ಅಕ್ಟೋಬರ್‌ನಲ್ಲಿ ದೃಢಪಡಿಸಿತು. 2019ರಲ್ಲಿ ಪ್ರಕಟವಾದ ಅಜೂರ್ ಕಿನೆಕ್ಟ್ ಆಟಗಾರರಿಗಲ್ಲದೆ ತಂತ್ರಾಂಶ ಅಭಿವೃದ್ಧಿಗಾರರಿಗೆ ಮೀಸಲಾಗಿತ್ತು. ಅದರ ಉತ್ಪಾದನೆಯೂ 2023ರಲ್ಲಿ ನಿಂತಿತು.

ಪ್ರೈಮ್‌ಸೆನ್ಸ್ ಸಂಸ್ಥೆಯನ್ನು 2013ರಲ್ಲಿ ಆಪಲ್ ಖರೀದಿಸಿತು. 2017ರ ಐಫೋನ್ 10ರಲ್ಲಿ ಮುಖವನ್ನು ಗುರುತಿಸಿ ಬೀಗ ತೆರೆಯುವ ವ್ಯವಸ್ಥೆಯೂ ಅವಕೆಂಪು ಚುಕ್ಕೆಗಳನ್ನೇ ಬಳಸುತ್ತದೆ. ನಡುಮನೆಯಲ್ಲಿ ನೆಲೆ ಕಂಡುಕೊಳ್ಳಲಾಗದ ತತ್ತ್ವವು ಹೀಗೆ ಜನರ ಜೇಬನ್ನು ಸೇರಿತು. ಅದರೊಂದಿಗೆ ಬಂದ ಖಾಸಗಿತನದ ಪ್ರಶ್ನೆ, ಸದಾ ಆಲಿಸುವ ಧ್ವನಿ ಸಹಾಯಕಗಳ ಈ ಕಾಲದಲ್ಲಿಯೂ ಉಳಿದುಕೊಂಡಿದೆ.