ತೊಗಟೆಯ ಮೇಲಿನ ಬಿಳಿ ಮಚ್ಚೆ ಸಿಮೆಂಟ್ ಧೂಳಲ್ಲ, ರೋಗವೂ ಅಲ್ಲ

ವಾಡಿ, ಶಹಾಬಾದ್, ಸೇಡಂ, ಚಿತ್ತಾಪುರದ ಸುತ್ತ ಮರದ ಮೇಲೆ ಬಿಳಿ ಕಲೆ ಕಂಡರೆ ಅದು ಸಿಮೆಂಟ್ ಧೂಳಿನ ಲೆಕ್ಕಕ್ಕೆ ಜಮಾ ಆಗಿಬಿಡುತ್ತದೆ. ತಪ್ಪಿದರೆ ಕಲ್ಲುಗಣಿಯ ಪುಡಿಯ ಲೆಕ್ಕಕ್ಕೆ. ಧೂಳು ಇರುವುದು ನಿಜ. ಆದರೆ ಮಾವಿನ ಕಾಂಡದಲ್ಲಿ ದುಂಡಗೆ ಹರಡಿ, ಅಂಚಿನಲ್ಲಿ ಸಣ್ಣ ಸಣ್ಣ ಹಾಲೆಗಳಾಗಿ ಸೀಳಿದ ಬೂದು ಮಚ್ಚೆ ಧೂಳಲ್ಲ, ಲೈಕೆನ್ ಎಂಬ ಜೀವಿ. ನೀರು ಚಿಮುಕಿಸಿ ಉಜ್ಜಿ ನೋಡಿ. ಧೂಳಾದರೆ ತೊಳೆದುಹೋಗುತ್ತದೆ. ಲೈಕೆನ್ ಆದರೆ ಅಂಟಿಕೊಂಡೇ ಇರುತ್ತದೆ, ನೀರು ಹೀರಿ ತುಸು ಹಸಿರಾಗುತ್ತದೆ.

ಭಾರತದ ಬಯಲು ನಾಡಿನ ಊರುಗಳಲ್ಲಿ, ಅದರಲ್ಲೂ ಮಾವಿನ ತೊಗಟೆಯ ಮೇಲೆ, ಸಾಮಾನ್ಯವಾಗಿ ಸಿಗುವ ಲೈಕೆನ್ ಕುಲ ಪಿಕ್ಸಿನ್. ಸ್ವೀಡನ್ನಿನ ಎಲಿಯಾಸ್ ಫ್ರೈಸ್ 1825ರಲ್ಲಿ ಇಟ್ಟ ಹೆಸರಿದು. ಈ ಲೈಕೆನ್‌ನಲ್ಲಿ ಶಿಲೀಂಧ್ರವೊಂದು ತನ್ನ ಮೈಯೊಳಗೆ ಹಸಿರು ಪಾಚಿಗೆ ಜಾಗ ಕೊಟ್ಟಿದೆ. ಪಾಚಿ ಬಿಸಿಲಲ್ಲಿ ಆಹಾರ ತಯಾರಿಸಿ ಬಾಡಿಗೆ ಕಟ್ಟುತ್ತದೆ. ಈ ಕುಲದ ಪಿಕ್ಸಿನ್ ಕೊಕೊಯಿಸ್ ಎಂಬ ಜಾತಿಯಲ್ಲಿ ಲೈಕೆಕ್ಸಾಂಥೋನ್ ಎಂಬ ರಾಸಾಯನಿಕವಿದೆ. ಕತ್ತಲಾದ ಮೇಲೆ ಖೋಟಾ ನೋಟು ಪತ್ತೆ ಮಾಡುವ ನೇರಳಾತೀತ ದೀಪ ಹಿಡಿದರೆ ಮಚ್ಚೆ ಹಳದಿಯಾಗಿ ಹೊಳೆಯುತ್ತದೆ. ಮಕ್ಕಳಿಗೆ ತೋರಿಸಲೇಬೇಕಾದ ಸಂಗತಿ.

ಇನ್ನೊಂದು ನಂಬಿಕೆ, ಇದು ಮರದ ರಸ ಹೀರುತ್ತದೆ ಎನ್ನುವುದು. ಆ ಅಪರಾಧ ಬದನಿಕೆಯದು. ಅದು ಕೊಂಬೆಯೊಳಗೆ ಬೇರಿಳಿಸುತ್ತದೆ. ಲೈಕೆನ್‌ಗೆ ಬೇರೇ ಇಲ್ಲ. ಮಳೆ, ಇಬ್ಬನಿ, ಗಾಳಿಯಲ್ಲಿ ಬರುವ ಖನಿಜ ಇಷ್ಟೇ ಅದರ ಊಟ. ಬೇಸಿಗೆಯಲ್ಲಿ ಒಣಗಿ ಸುಮ್ಮನಾಗುತ್ತದೆ, ಮಳೆ ಬಿದ್ದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಕೆಲಸ ಶುರು. ಹಾಗಾದರೆ ಸೊರಗಿದ ಮರದಲ್ಲೇ ಹೆಚ್ಚು ಕಾಣುವುದೇಕೆ? ಎಲೆ ಉದುರಿದ ಕೊಂಬೆಗೆ ಬಿಸಿಲು ಚೆನ್ನಾಗಿ ಬೀಳುತ್ತದೆ, ಅದಕ್ಕೆ. ಸೊರಗಿದ್ದು ಮೊದಲು, ಲೈಕೆನ್ ಹಬ್ಬಿದ್ದು ಆಮೇಲೆ.

ಓದಿದವರಲ್ಲಿ ಇನ್ನೊಂದು ತಪ್ಪು ಎಣಿಕೆಯಿದೆ: ಲೈಕೆನ್ ಇದ್ದರೆ ಗಾಳಿ ಶುದ್ಧ. ಅರ್ಧ ಸತ್ಯವೇ ಹೆಚ್ಚು ದಾರಿ ತಪ್ಪಿಸುವುದು. ಪ್ಯಾರಿಸ್ಸಿನಲ್ಲಿ ನಗರದ ಗಾಳಿಗೂ ಲೈಕೆನ್‌ಗೂ ಇರುವ ನಂಟನ್ನು 1866ರಲ್ಲೇ ವಿಲಿಯಂ ನೈಲಾಂಡರ್ ಗುರುತಿಸಿದ್ದ. (ಲೈಕೆನ್ ಎರಡು ಜೀವಿಗಳ ಜೋಡಿ ಎಂಬುದನ್ನು ಮಾತ್ರ ಆ ಪಂಡಿತ ಒಪ್ಪಲೇ ಇಲ್ಲ!) ಗಂಧಕದ ಹೊಗೆಗೆ ಸೂಕ್ಷ್ಮ ಜಾತಿಗಳು ಸಾಯುತ್ತವೆ. ಸುಣ್ಣದ ಧೂಳು ತೊಗಟೆಯ ಆಮ್ಲತೆಯನ್ನು ಇಳಿಸುವುದರಿಂದ ಕೆಲವು ಜಾತಿಗಳು ಜಾಗ ಖಾಲಿ ಮಾಡಿ, ಧೂಳಿಗೆ ಒಗ್ಗಿದವು ಬರುತ್ತವೆ. ಪಿಕ್ಸಿನ್ ಕೊಕೊಯಿಸ್ ಮಾಲಿನ್ಯ ತಾಳಿಕೊಳ್ಳುವ ಗಟ್ಟಿ ಜೀವ. ಅದು ಮೈಯಲ್ಲಿ ಲೋಹಗಳನ್ನು ಕೂಡಿಡುವುದರಿಂದಲೇ ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯವರು ಗಾಳಿಯ ಲೋಹ ಅಳೆಯಲು ಅದನ್ನು ಬಳಸಿದರು. ಹಾಗಾಗಿ ಕಾರ್ಖಾನೆ ಪಕ್ಕದ ಮರದಲ್ಲಿ ಪಿಕ್ಸಿನ್ ಕಂಡರೆ ಗಾಳಿಗೆ ಸರ್ಟಿಫಿಕೇಟ್ ಸಿಕ್ಕಿತೆಂದು ತಿಳಿಯಬೇಡಿ.

ಎಷ್ಟು ಮಚ್ಚೆ ಎನ್ನುವುದಕ್ಕಿಂತ ಎಷ್ಟು ಬಗೆ ಎನ್ನುವುದು ಮುಖ್ಯ. 2011ರಲ್ಲಿ ವನ್ಯಜೀವಿ ಧಾಮವಾದ ಚಿಂಚೋಳಿಯ ಕಾಡಿನಂಚು ಇಲ್ಲಿಂದ ದೂರವಿಲ್ಲ. ಅಲ್ಲೊಂದು, ವಾಡಿಯಲ್ಲೊಂದು, ಒಂದೇ ಜಾತಿಯ, ಒಂದೇ ದಪ್ಪದ ಮರ ಆರಿಸಿ ಹೋಲಿಸುವುದು ಕಾಲೇಜು ವಿದ್ಯಾರ್ಥಿಗಳಿಗೆ ಒಳ್ಳೆಯ ಕೆಲಸ. ಬೇಕಾಗುವುದು ಒಂದು ಭೂತಗನ್ನಡಿ, ಒಂದು ನೋಟ್‌ಬುಕ್ ಅಷ್ಟೇ.

ರೈತರಲ್ಲಿ ಒಂದು ಕೇಳಿಕೆ: ಲೈಕೆನ್ ಕೆರೆದು ತೆಗೆಯಬೇಡಿ, ಮೈಲುತುತ್ತ ಬಳಿಯಬೇಡಿ. ಕೆರೆದರೆ ಗಾಯವಾಗುವುದು ತೊಗಟೆಗೇ. ಮರ ಸೊರಗಿದ್ದರೆ ಬುಡದ ತೇವ, ಬೇರು, ಕಾಂಡ ಕೊರೆಯುವ ಹುಳು ಇವನ್ನು ಮೊದಲು ನೋಡಿ.